ಮ್ಯೂನಿಕ್‌ನ ಮೇಜು ಮತ್ತು ಮೂರನೇ ಹೆಸರು

ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂಗೆ ಹೋದವರು ವಿಮಾನ, ಹಡಗು ನೋಡುವಷ್ಟರಲ್ಲೇ ಸುಸ್ತಾಗಿಬಿಡುತ್ತಾರೆ. ಆದರೂ ಅಲ್ಲಿನ ಒಂದು ಹಳೇ ಮರದ ಮೇಜನ್ನು ಮಾತ್ರ ತಪ್ಪಿಸಬೇಡಿ. ಅದರ ಮೇಲೆ ಪ್ಯಾರಾಫಿನ್ ಮೇಣದ ದುಂಡನೆಯ ದಿಮ್ಮಿ, ಒಂದಿಷ್ಟು ಬ್ಯಾಟರಿ, ವೈರು, ಗಾಜಿನ ಫ್ಲಾಸ್ಕು. ನೋಡಿದರೆ ಕಾಲೇಜು ಲ್ಯಾಬಿನ ಮೂಲೆ ಅನ್ನಿಸುತ್ತೆ, ಅಷ್ಟೇ. ಯುರೇನಿಯಂ ಪರಮಾಣು ಒಡೆಯುತ್ತದೆ ಎಂಬ ಸುಳಿವು 1938ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ ಸಿಕ್ಕಿದ್ದು ಇಂಥ ಸಾಮಾನುಗಳಿಂದಲೇ.

ದಶಕಗಳ ಕಾಲ ಇದನ್ನು ಒಟ್ಟೊ ಹಾನ್ ಅವರ ಮೇಜು ಅಂತಲೇ ತೋರಿಸುತ್ತಿದ್ದರು. 1944ರ ನೊಬೆಲ್ ಕೂಡ ಹಾನ್ ಒಬ್ಬರಿಗೇ. ಅಸಲಿಗೆ ಕೆಲಸ ಒಂದೇ ಮೇಜಿನ ಮೇಲೆ ನಡೆದದ್ದಲ್ಲ. ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸಲು ಒಂದು ಕೋಣೆ, ರಾಸಾಯನಿಕವಾಗಿ ಬೇರ್ಪಡಿಸಲು ಇನ್ನೊಂದು, ಅಳೆಯಲು ಮತ್ತೊಂದು. ಪ್ರದರ್ಶನಕ್ಕಾಗಿ ಎಲ್ಲವನ್ನೂ ಒಂದೆಡೆ ಜೋಡಿಸಿದ್ದಾರೆ. ಈಗ ಅಲ್ಲಿ ಮೂವರ ಹೆಸರೂ ಇದೆ. ಲೀಸ ಮೈಟ್ನರ್ ಬಗ್ಗೆ ಈಚೆಗೆ ಸಾಕಷ್ಟು ಬರೆದಿದ್ದಾರೆ, ಬರೆಯಲೇಬೇಕಿತ್ತು. ನನ್ನ ಕುತೂಹಲ ಮೂರನೆಯವರ ಮೇಲೆ: ಫ್ರಿಟ್ಸ್ ಸ್ಟ್ರಾಸ್‌ಮನ್.

ರೈನ್ ನದಿ ದಡದ ಬೊಪ್ಪಾರ್ಡ್‌ನಲ್ಲಿ 1902ರಲ್ಲಿ ಹುಟ್ಟಿದವರು. ರಸಾಯನಶಾಸ್ತ್ರಜ್ಞರ ಸಂಘ ನಾಜಿಗಳ ಹಿಡಿತಕ್ಕೆ ಹೋದಾಗ, 1933ರಲ್ಲಿ, ರಾಜೀನಾಮೆ ಕೊಟ್ಟರು. ಅಲ್ಲಿಗೆ ಕಂಪನಿ ಕೆಲಸವೂ ಇಲ್ಲ, ಪ್ರೊಫೆಸರ್ ಆಗುವ ದಾರಿಯೂ ಇಲ್ಲ. ಕೊನೆಗೆ ಹಾನ್, ಮೈಟ್ನರ್ ಸೇರಿ ಅರ್ಧ ಸಂಬಳದ ಸಹಾಯಕನ ಹುದ್ದೆ ಹೊಂದಿಸಿಕೊಟ್ಟರು.

ಬೇರ್ಪಡಿಸುವ ಕೆಲಸದಲ್ಲಿ ಅವರದು ಪಳಗಿದ ಕೈ. ಯುರೇನಿಯಂನಿಂದ ರೇಡಿಯಂ ಹುಟ್ಟಿದೆ ಅಂದುಕೊಂಡು, ಅದನ್ನು ಹಿಡಿಯಲು ಬೆರೆಸಿದ್ದ ಬೇರಿಯಂನಿಂದ ಬಿಡಿಸಲು ಹಾನ್ ಮತ್ತು ಅವರು ಎಷ್ಟು ಹೆಣಗಿದರೂ ಆಗಲಿಲ್ಲ. ಆಗುವುದಾದರೂ ಹೇಗೆ? ಹುಟ್ಟಿದ್ದೇ ಬೇರಿಯಂ! ಅಷ್ಟರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದ ಮೈಟ್ನರ್, ಸೋದರಳಿಯ ಫ್ರಿಶ್ ಜೊತೆ ಕೂತು ಇದರ ಅರ್ಥ ಬಿಡಿಸಿದರು: ನ್ಯೂಕ್ಲಿಯಸ್ ಎರಡು ಹೋಳಾಗಿತ್ತು.

1943ರಲ್ಲಿ ಸ್ಟ್ರಾಸ್‌ಮನ್ ದಂಪತಿ ಆಂಡ್ರಿಯಾ ವೋಲ್ಫೆನ್‌ಸ್ಟೈನ್ ಎಂಬ ಯಹೂದಿ ಮಹಿಳೆಯನ್ನು ಬರ್ಲಿನ್‌ನ ತಮ್ಮ ಮನೆಯಲ್ಲಿ ಎರಡು ತಿಂಗಳು ಬಚ್ಚಿಟ್ಟಿದ್ದರು. ಮನೆಯಲ್ಲಿ ಮೂರು ವರ್ಷದ ಮಗ. ಪಕ್ಕದ ಮನೆಯವರಿಗೆ ಒಂದು ಸಣ್ಣ ಅನುಮಾನ ಬಂದಿದ್ದರೂ ಎಲ್ಲರ ಕಥೆಯೂ ಮುಗಿಯುತ್ತಿತ್ತು. ಆಕೆ ಬದುಕುಳಿದರು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 1985ರಲ್ಲಿ ಸ್ಟ್ರಾಸ್‌ಮನ್‌ರನ್ನು ಗೌರವಿಸಿತು; ಅವರು ತೀರಿಕೊಂಡು ಆಗಲೇ ಐದು ವರ್ಷ.

ಜರ್ಮನಿಯ ಸೇನೆಗೆ ಅಣ್ವಸ್ತ್ರ ಬೇಡ ಎಂದು 1957ರಲ್ಲಿ ಸಹಿ ಹಾಕಿದ ಹದಿನೆಂಟು ವಿಜ್ಞಾನಿಗಳಲ್ಲಿ ಇವರೂ ಒಬ್ಬರು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವವರಿಗೆ ಒಂದು ಮಾತು: ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆಗೆ ಮೈನ್ಸ್. ಯುದ್ಧದ ನಂತರ ಸ್ಟ್ರಾಸ್‌ಮನ್ ಪಾಠ ಮಾಡಿದ್ದು ಅಲ್ಲಿನ ವಿಶ್ವವಿದ್ಯಾಲಯದಲ್ಲೇ. ಅವರ ಪ್ರಯತ್ನದಿಂದ ಬಂದ ಪುಟ್ಟ ರಿಯಾಕ್ಟರ್ 1965ರಲ್ಲಿ ಶುರುವಾಯಿತು. ಅದು ಬಾಂಬಿಗೂ ಅಲ್ಲ, ಕರೆಂಟಿಗೂ ಅಲ್ಲ. ಸಂಶೋಧನೆಗೆ, ಹುಡುಗರ ಕಲಿಕೆಗೆ.