ಕೆಂಪು ಧೂಳು, ಕಪ್ಪು ಕೆಸರು

ಯಶವಂತಪುರದಿಂದ ಹೊರಟ ರೈಲು ಬೀದರ್ ಮುಟ್ಟಿದಾಗ ಬಿಸಿಲೇರಿತ್ತು. ಜೊತೆಗೆ ಏಳನೇ ತರಗತಿಯ ಮೊಮ್ಮಗಳು. ದಸರಾ ರಜೆಗೆ ಔರಾದದಲ್ಲಿರುವ ನನ್ನಕ್ಕನ ಮನೆಗೆ ಹೊರಟಿದ್ದೆವು. ಅಕ್ಕನ ಮಗ ಬೀದರ್‌ನಲ್ಲೇ, ನೌಬಾದ್ ಕಡೆಯ ರಸ್ತೆಯಲ್ಲಿ, ಕಾರು ತೊಳೆದು ಹೊಳಪು ಕೊಡುವ ಅಂಗಡಿ ಇಟ್ಟಿದ್ದಾನೆ. ಸಂಜೆ ಅವನೇ ನಮ್ಮನ್ನು ಊರಿಗೆ ಕರೆದೊಯ್ಯಬೇಕಿತ್ತು. ನಿಲ್ದಾಣದಿಂದ ನೇರ ಅಂಗಡಿಗೆ ಹೋದರೆ ಅವನು ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿ, ಸಾಲಾಗಿ ನಿಂತ ಗಾಡಿಗಳನ್ನು ತೋರಿಸಿದ.

‘ಮಾಮಾ, ಇವತ್ತ್ ರಾತ್ರಿ ಊರಿಗಿ ಹೋಗ್ಲಾಕ್ ಆಗಲ್ಲರಿ. ಹದಿನಾಕ್ ಗಾಡಿ ಅವ. ನಾಳಿ ಮುಂಜಾನಿ ಎಲ್ಲಾರಿಗೂ ಪೂಜಾಕ್ಕ ಬೇಕು.’

ಮರುದಿನ ಆಯುಧ ಪೂಜೆ. ನಮ್ಮ ಕಡೆಯವರ ಬಾಯಲ್ಲಿ ಖಂಡೆ ಪೂಜೆ. ಕತ್ತಿ, ಕುಡುಗೋಲು, ಕುಂಟೆಗಳಿಗೆ ಸಲ್ಲುತ್ತಿದ್ದ ಕುಂಕುಮ ಈಗ ಕಾರಿನ ಮೂತಿಗೂ ಸಲ್ಲುತ್ತದೆ. ಊರಿನ ಗಾಡಿಗಳೆಲ್ಲ ಒಂದೇ ಬೆಳಿಗ್ಗೆ ಹೊಳೆಯಬೇಕು ಎಂದರೆ ತೊಳೆಯುವವರಿಗೆ ಹಿಂದಿನ ರಾತ್ರಿ ಒಂದೇ ತಾನೆ ಇರುವುದು? ಅಂಗಡಿಯಲ್ಲಿದ್ದವರು ಮೂವರು. ಅವನು, ಮತ್ತೆ ಇಬ್ಬರು ಹುಡುಗರು. ಬೆಳಿಗ್ಗೆ 6ಕ್ಕೇ ಶುರುಮಾಡಿದ್ದರು.

‘ತೊಳೆಯೋಕೆ ಅಷ್ಟು ಹೊತ್ತು ಯಾಕೆ ಬೇಕು?’ ಎಂದಳು ಮೊಮ್ಮಗಳು. ನನಗೂ ಅದೇ ಅನುಮಾನವಿತ್ತು. ಒಂದು ಗಂಟೆ ನಿಂತು ನೋಡಿದ ಮೇಲೆ ಹೋಯಿತು. ಇವರ ಕೆಲಸಕ್ಕೆ ‘ಡೀಟೇಲಿಂಗ್’ ಎಂದು ಹೆಸರು. ನೀರು ಹೊಡೆದು ಒರೆಸುವುದಲ್ಲ ಇದು. ಮೊದಲು ಜೋರು ನೀರಿನಲ್ಲಿ ಮಣ್ಣು ಬಿಡಿಸಬೇಕು, ನೊರೆ ಹಾಕಿ ನೆನೆಯಲು ಬಿಡಬೇಕು, ಆಮೇಲೆ ಮೆತ್ತನೆಯ ಕೈಗವಸಿನಿಂದ ತೊಳೆಯಬೇಕು. ಬಕೆಟ್ ಎರಡು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸುವ ಬರೀ ನೀರು. ಜಾಲಿಸದೆ ಉಜ್ಜಿದರೆ ಅದರೊಳಗಿನ ಮರಳೇ ಬಣ್ಣವನ್ನು ಗೀರುತ್ತದೆ. ತೊಳೆದ ಮೇಲೂ ಬಣ್ಣಕ್ಕೆ ಅಂಟಿಕೊಂಡ ಕಣಗಳನ್ನು ಕಣಕದಂಥ ಮುದ್ದೆಯೊಂದನ್ನು ತಿಕ್ಕಿ ಎತ್ತುತ್ತಾರೆ. ಆಮೇಲೆ ಪಾಲಿಷ್, ಮೇಣ. ಒಳಗಡೆ ಸೀಟಿನ ಹೊಲಿಗೆ, ಗಾಳಿ ಬರುವ ಜಾಲರಿ, ಮಕ್ಕಳು ಚೆಲ್ಲಿದ ಚುರುಮುರಿ. ಒಂದೊಂದು ಜಾಲರಿಗೂ ಬಣ್ಣದ ಬ್ರಷ್ಷಿನಷ್ಟು ಸಣ್ಣ ಬ್ರಷ್ಷು.

ಇನ್ನೊಂದು ವಿದ್ಯೆಯನ್ನೂ ಅಳಿಯ ಮೊಮ್ಮಗಳಿಗೆ ಕಲಿಸಿದ. ಚಕ್ರದ ಮೇಲಿನ ಕಮಾನಿನೊಳಗೆ ಬೆರಳು ಹಾಕಿ, ಅಂಟಿದ ಮಣ್ಣು ನೋಡಿದರೆ ಗಾಡಿ ಯಾವ ಕಡೆಯದು ಎಂದು ಹೇಳಬಹುದಂತೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಗುಡ್ಡದ ಮೇಲೆ; ಇಲ್ಲಿನದು ಕೆಂಪು ಧೂಳು. ಭಾಲ್ಕಿ, ಔರಾದದ್ದು ಎರೆಮಣ್ಣು, ಕಪ್ಪು. ಕೆಂಪು ಧೂಳು ನೀರು ಕಂಡರೆ ಇಳಿಯುತ್ತದೆ, ಎರೆಮಣ್ಣು ಮಾತ್ರ ಒಣಗಿ ಗಚ್ಚಿನಂತೆ ಕೂತಿರುತ್ತದೆ, ನೆನೆದರಷ್ಟೇ ಬಿಡುವುದು. ‘ಕರಿ ಮಣ್ಣಿನ ಗಾಡಿಗಿ ಅರ್ಧಾ ತಾಸು ಜಾಸ್ತಿ’ ಎಂದ.

ನಾವಿದ್ದರೆ ಅವನ ಕೆಲಸಕ್ಕೆ ಅಡ್ಡಿ ಎಂದು ಮಧ್ಯಾಹ್ನ ಹಳೆ ಊರಿನತ್ತ ಹೋದೆವು. ಮಹಮೂದ್ ಗವಾನನ ಮದರಸಾ ನೋಡಿದೆವು. 1472ರ ಕಟ್ಟಡ, ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಮಿಂಚುತ್ತವೆ. ಐದು ಶತಮಾನದ ಹಿಂದಿನ ಮೆರುಗು! ಅಲ್ಲಿಂದ ಚೌಬಾರಾ. 71 ಅಡಿ ಎತ್ತರದ ಆ ಗುಂಡು ಗೋಪುರದ ಆಸುಪಾಸಿನ ಓಣಿಯಲ್ಲಿ ಬಿದ್ರಿ ಕೆಲಸದ ಅಂಗಡಿಯೊಂದರ ಮುಂದೆ ಮೊಮ್ಮಗಳ ಕಾಲು ನಿಂತಿತು.

ಬಿದ್ರಿ ಹೂಜಿಯ ಮೈ ಸತುವಿನದು, ಅದರಲ್ಲಿ ಸ್ವಲ್ಪ ತಾಮ್ರ ಬೆರೆತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯಮಾಡಿ, ಮೈತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಉಳಿಯಿಂದ ಹೂಬಳ್ಳಿ ಗೀರುವುದು, ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುವುದು, ಮತ್ತೆ ಉಜ್ಜುವುದು. ಉಜ್ಜಿದಾಗ ಎಲ್ಲವೂ ಒಂದೇ ಬಿಳುಪಾಗಿ, ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದೇ ತಿಳಿಯದಂತಾಗುತ್ತದೆ. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿ ಹಚ್ಚಿದಾಗ ಸತು ಕಡುಗಪ್ಪಾಗುತ್ತದೆ. ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆಯಿತು, 2023ರಲ್ಲಿ ಇದೇ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಅಲ್ಲಿ ಕೂತಿದ್ದ ಹಿರಿಯರೊಬ್ಬರು ಬಟ್ಟೆಯಲ್ಲಿ ಎಣ್ಣೆ ಅದ್ದಿ ತಟ್ಟೆ ಉಜ್ಜುತ್ತಿದ್ದರು. ‘ಅಜ್ಜಾ, ಇವ್ರೂ ಡೀಟೇಲಿಂಗ್ ಮಾಡ್ತಾರಾ?’ ಎಂದಳು ಮೊಮ್ಮಗಳು. ಹಿರಿಯರಿಗೆ ಪದದ ಅರ್ಥ ಹೇಳಿದೆ. ಅವರು ನಕ್ಕು, ‘ಹೌದಮ್ಮಾ, ಇದೂ ಅದೇ. ನಾಳಿ ಬೇಕು ಅಂತಾರಾ, ಎಲ್ಲಾರೂ ನಾಳಿನೇ ಬೇಕು ಅಂತಾರಾ’ ಎಂದರು. ಅವರ ಹೆಬ್ಬೆರಳು ಉಗುರಿನ ಸುತ್ತ ಕಪ್ಪಿಟ್ಟಿತ್ತು.

ರಾತ್ರಿ ಅಂಗಡಿಗೆ ಮರಳಿದಾಗ ಇನ್ನೂ ಒಂಬತ್ತು ಗಾಡಿ ಬಾಕಿ. ಅವುಗಳಲ್ಲಿ ಭಾಲ್ಕಿಯ ಕಾಳಿನ ವ್ಯಾಪಾರಿಯೊಬ್ಬರ ಬೂದು ಕಾರೂ ಒಂದು. ಸಂಜೆ 5ಕ್ಕೆ ಬಂದದ್ದು, ಮುಂಜಾನೆ ಆರೂವರೆಗೆ ಭಾಲ್ಕಿಯ ಅವರ ಅಂಗಡಿ ಮುಂದಿರಬೇಕು. ಮೈಗೆ ಗಾಜಿನಂಥ ‘ಕೋಟಿಂಗ್’ ಕೊಡು ಎಂದಿದ್ದರಂತೆ. ಅದು ಹಚ್ಚಿದ ಮೇಲೆ ತಾಸುಗಟ್ಟಲೆ ನೀರು, ಧೂಳು ತಾಗದಂತೆ ಇರಬೇಕು, ಒಂದೇ ರಾತ್ರಿಯಲ್ಲಿ ಬೇಡ ಎಂದು ಹೇಳಿ ಮೇಣಕ್ಕೆ ಒಪ್ಪಿಸಿದ್ದ. ಅಷ್ಟಾದರೂ ಹೇಳಿದನಲ್ಲ ಎಂದುಕೊಂಡೆ. ಸಮಯಕ್ಕೆ ಮಾತ್ರ ಆಗುವುದಿಲ್ಲ ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಸಾಲದ ಕಂತು, ಬಾಡಿಗೆ, ಪಕ್ಕದ ರಸ್ತೆಯಲ್ಲಿ ಹೊಸದಾಗಿ ತೆರೆದ ಇನ್ನೊಂದು ಅಂಗಡಿ.

ಮೊಮ್ಮಗಳು ಒಳಗಿನ ಮಂಚದಲ್ಲಿ ಮಲಗಿದಳು. ನಾನು ಕುರ್ಚಿಯಲ್ಲಿ ಕೂತೆ. ರಾತ್ರಿ ಒಂದರ ಸುಮಾರಿಗೆ ಪಾಲಿಷ್ ಯಂತ್ರದ ಸದ್ದು ಒಂದೇ ಕಡೆ ನಿಂತಂತಾಯಿತು. ಚಿಕ್ಕ ಹುಡುಗ ನಿಂತಲ್ಲೇ ತೂಕಡಿಸುತ್ತಿದ್ದ, ಯಂತ್ರ ಬಾನೆಟ್ಟಿನ ಅಂಚಿನಲ್ಲಿ ತಿರುಗುತ್ತಲೇ ಇತ್ತು. ಅಳಿಯ ಓಡಿಬಂದು ತಂತಿ ಕಿತ್ತ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರ ಕೂದಲೆಳೆಗಿಂತ ತೆಳು. ಯಂತ್ರ ಒಂದೇ ಕಡೆ ನಿಂತರೆ ಕಾವೇರಿ ಸುಟ್ಟುಹೋಗುತ್ತದೆ, ಆಮೇಲೆ ಬಣ್ಣವನ್ನೇ ಹೊಸದಾಗಿ ಹಾಕಬೇಕು. ಅಂಗೈಯಿಟ್ಟು ನೋಡಿದ. ಬಿಸಿಯಾಗಿತ್ತು, ಸುಟ್ಟಿರಲಿಲ್ಲ. ಬೈಯಲಿಲ್ಲ. ‘ಹೋಗು, ಮಕ್ಕೋ’ ಎಂದು ಹುಡುಗನನ್ನು ಒಳಗೆ ಕಳಿಸಿ ಯಂತ್ರ ತಾನೇ ಹಿಡಿದ. ಅಂಗಡಿ ಮುಂಗಟ್ಟುಗಳ 1961ರ ಕಾಯಿದೆ ಕೆಲಸಗಾರನಿಗೆ ದಿನಕ್ಕೆ 9 ಗಂಟೆ ಎಂದು ಬರೆಯಿತು. ಮಾಲೀಕನೇ ಕೆಲಸಗಾರನೂ ಆದಲ್ಲಿ ಗಂಟೆ ಎಣಿಸುವವರು ಯಾರು?

ನಾಲ್ಕೂವರೆಗೆ ಕೊನೆಯ ಗಾಡಿ ಮುಗಿಯಿತು. ಬೂದು ಕಾರು ದೀಪದ ಕೆಳಗೆ ಕೆರೆಯ ನೀರಿನಂತೆ ಕಾಣುತ್ತಿತ್ತು. ಇನ್ನೇನು ಅದನ್ನು ಅವನು ನಡೆಸುವುದು, ಅವನ ಹಳೆಯ ಕಾರನ್ನು ಹಿಂದಿನಿಂದ ನಾನು ತರುವುದು ಎಂದು ಮಾತಾಗಿತ್ತು. ಅಳಿಯ ಕೀಲಿ ಹಿಡಿದು ಪಕ್ಕದ ಬಿಳಿ ಕಾರಿನ ಬಾಗಿಲು ಎಳೆಯತೊಡಗಿದ. ಎರಡು ಸಲ ಎಳೆದ. ಯಾಕೆ ತೆರೆಯುತ್ತಿಲ್ಲ ಎಂದು ಕೀಲಿಯನ್ನೇ ನೋಡಿದ.

‘ನೀ ಈಗ ಗಾಡಿ ನಡಸಬ್ಯಾಡ’ ಎಂದೆ.

‘ಮಾಮಾ, ಟೈಮ್ ಕೊಟ್ಟೀನ್ರಿ.’

‘ಇಪ್ಪತ್ತೆರಡು ತಾಸಾಯ್ತು ನೀ ಎದ್ದು. ಔರಾದದಾಗ ನಿಮ್ಮವ್ವ ದಾರಿ ಕಾಯ್ಲತ್ತಾಳ. ಫೋನ್ ಮಾಡು.’

ಅವನು ಬಹಳ ಹೊತ್ತು ಫೋನನ್ನೇ ಹಿಡಿದು ಕೂತ. ಕೊನೆಗೆ ಐದೂ ಕಾಲಿಗೆ ಮಾಡಿದ. ಎಂಟೂವರೆಗೆ ತರುತ್ತೇನೆ ಎಂದಾಗ ಆ ಕಡೆಯ ದನಿ ನನ್ನ ಕುರ್ಚಿಯವರೆಗೂ ಕೇಳಿಸಿತು. ಹಬ್ಬ, ಮುಹೂರ್ತ, ಭಟ್ಟರು, ಮಾತು ಕೊಟ್ಟದ್ದು... ಎಲ್ಲಕ್ಕೂ ಇವನು ‘ಹೌದ್ರಿ, ತಪ್ಪಾಯ್ತ್ರಿ’ ಎಂದ. ಫೋನಿಟ್ಟ ಮರುಕ್ಷಣ ನೆಲದ ಚಾಪೆಯ ಮೇಲೆ ಉರುಳಿದ. ಏಳುವವರೆಗೆ ಮಗ್ಗುಲು ಬದಲಿಸಲಿಲ್ಲ.

ಬೆಳಕಾದ ಮೇಲಿನ ಭಾಲ್ಕಿ ದಾರಿ ಚೆನ್ನಾಗಿತ್ತು. ಸೋಯಾ ಕಟಾವಿನ ಕಾಲ. ತೊಗರಿ ಇನ್ನೂ ಹಸಿರು. ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುವುದನ್ನು ಮೊಮ್ಮಗಳು ಕಿಟಕಿಯಿಂದ ಕಂಡುಹಿಡಿದು ಕೂಗಿದಳು. ಬೂದು ಕಾರು ಮುಂದೆ ನಿಧಾನ ಹೋಗುತ್ತಿತ್ತು, ರಸ್ತೆಯ ಒಂದೊಂದು ಗುಂಡಿಯನ್ನೂ ತಪ್ಪಿಸಿ.

ವ್ಯಾಪಾರಿ ಕಾರನ್ನು ಎರಡು ಸುತ್ತು ನೋಡಿದರು. ಹೊಳಪಿನ ಬಗ್ಗೆ ಒಂದು ಮಾತಿಲ್ಲ, ತಡವಾದದ್ದಕ್ಕೆ 500 ರೂಪಾಯಿ ಹಿಡಿದುಕೊಂಡು ಕೊಟ್ಟರು. ಆದರೆ ಅವರ ತಾಯಿ ಬಾಗಿಲಲ್ಲೇ ತಡೆದು, ಹಬ್ಬದ ದಿನ ಹಾಗೇ ಹೋಗಬಾರದೆಂದು ಕೂರಿಸಿ, ಸುಸಲಾ, ಚಹಾ ಕೊಟ್ಟರು. ಅಳಿಯ ಹಣ ಎಣಿಸದೆ ಜೇಬಿಗಿಟ್ಟು ಎರಡು ತಟ್ಟೆ ಸುಸಲಾ ತಿಂದ.

ಅಲ್ಲಿಂದ ನಾನೇ ಸ್ಟೀರಿಂಗ್ ಹಿಡಿದೆ. ಮಾಂಜ್ರಾ ನದಿ ದಾಟುವ ಮೊದಲೇ ಅವನು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದ. ಔರಾದ ನಮ್ಮ ರಾಜ್ಯದ ತುತ್ತತುದಿಯ ತಾಲ್ಲೂಕು. ಆಚೆಗೆ ಮಹಾರಾಷ್ಟ್ರ, ತೆಲಂಗಾಣ. ಸಂತೆಯಲ್ಲಿ ಕನ್ನಡದಲ್ಲಿ ಕೇಳಿದ ರೇಟಿಗೆ ಮರಾಠಿಯಲ್ಲಿ ಉತ್ತರ ಬರುತ್ತದೆ, ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ಕಪ್ಪು ಬಿಳಿ ಮಚ್ಚೆಯ ದೇವಣಿ ತಳಿಯ ದನಗಳು ಇಲ್ಲಿನ ಹೆಮ್ಮೆ. ನಮ್ಮಪ್ಪ ಹಬ್ಬದ ಹಿಂದಿನ ದಿನ ಎತ್ತುಗಳನ್ನು ಹಳ್ಳಕ್ಕಿಳಿಸಿ, ತೆಂಗಿನ ನಾರಿನಿಂದ ಗೊರಸಿನ ಸಂದಿಯವರೆಗೂ ಉಜ್ಜುತ್ತಿದ್ದರು. ಆದರೆ ಆಗ ಹಳ್ಳದಲ್ಲಿ ನಮ್ಮೆತ್ತಿಗೆ ನಾವೇ, ಅವರೆತ್ತಿಗೆ ಅವರೇ.

ಅಕ್ಕ ಹೋಳಿಗೆಗೆ ಹೂರಣ ರುಬ್ಬಿ ಕಾದಿದ್ದಳು. ಮಗನನ್ನು ಎಬ್ಬಿಸಲು ಹೋದವಳು ಅವನ ಅಂಗೈ ನೋಡಿ ನಿಂತಳು. ನೀರು, ಸೋಪಿನಲ್ಲಿ ನೆನೆನೆನೆದು ಬೆರಳ ತುದಿ ಸೀಳಿದ್ದವು. ಏನೂ ಅನ್ನದೆ ಒಳಗಿಂದ ಕೊಬ್ಬರಿ ಎಣ್ಣೆ ತಂದು, ಅವನು ಮಲಗಿದ್ದಂತೆಯೇ ಸವರಿದಳು. ಆಮೇಲೆ ಅವನ ಕಾರಿನತ್ತ ನೋಡಿ, ‘ಊರ ಮಂದಿ ಗಾಡಿ ತೊಳಿತಾನ, ತಂದ್ ನೋಡು ಹ್ಯಾಂಗದ’ ಎಂದಳು. ನಿಜ. ಚಕ್ರದಿಂದ ಗಾಜಿನವರೆಗೆ ಕೆಂಪು ಒಂದು ಪದರ, ಅದರ ಮೇಲೆ ಕಪ್ಪು ಒಂದು ಪದರ.

ಮೊಮ್ಮಗಳು ಎರಡು ಬಕೆಟ್ ಕೇಳಿದಳು. ನಾನು ಬಾವಿಯಿಂದ ನೀರು ಸೇದಿ ಕೊಟ್ಟೆ. ಮೊದಲು ನೆನೆಸಿದಳು, ಕಾದಳು, ಆಮೇಲೆ ಮೇಲಿನಿಂದ ಕೆಳಕ್ಕೆ ಒರೆಸಿದಳು. ಪ್ರತಿ ಸಲವೂ ಎರಡನೇ ಬಕೆಟ್ಟಿನಲ್ಲಿ ಬಟ್ಟೆ ಜಾಲಿಸುವುದನ್ನು ಮರೆಯಲಿಲ್ಲ. ಅಕ್ಕ ಕುಡುಗೋಲು, ಈಳಿಗೆ, ತನ್ನ ಗಂಡನ ಹಳೆಯ ಕುಂಟೆಯ ಜೊತೆ ಕಾರಿಗೂ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದಳು. ಆ ಸದ್ದಿಗೂ ಅವನಿಗೆ ಎಚ್ಚರವಾಗಲಿಲ್ಲ.

ಸಂಜೆ ನಾಲ್ಕಕ್ಕೆ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ಕಾರನ್ನು ನೋಡಿ ನಿಂತ. ಒಂದು ಸುತ್ತು ಹಾಕಿ, ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಮಾನಿನೊಳಗೆ ಬೆರಳು ಹಾಕಿ ಹೊರತೆಗೆದ. ತುದಿಯಲ್ಲಿ ಕಪ್ಪು ಮಣ್ಣು.

‘ಇಲ್ಲಿ ಉಳದದ’ ಎಂದ, ಮೊಮ್ಮಗಳಿಗೆ ತೋರಿಸುತ್ತ.

ಅವಳು ಬಕೆಟ್ ತರಲು ಓಡಿದಳು.