ಚಂದ್ರನ ಮಕ್ಕಳ ನಡುಗಡ್ಡೆಗಳು

ಮಧ್ಯ ಅಮೆರಿಕದ ಪನಾಮಾ ದೇಶದ ಕೆರಿಬಿಯನ್ ಕರಾವಳಿಯುದ್ದಕ್ಕೂ ಮುನ್ನೂರೈವತ್ತಕ್ಕೂ ಹೆಚ್ಚು ಪುಟ್ಟ ನಡುಗಡ್ಡೆಗಳಿವೆ. ಈ ಸೀಮೆಯ ಹೆಸರು ಗುನಾ ಯಾಲಾ. ಜನವಸತಿ ಇರುವುದು ಸುಮಾರು 50 ನಡುಗಡ್ಡೆಗಳಲ್ಲಿ ಮಾತ್ರ. ಗರಿಯ ಸೂರಿನ ಮನೆ, ಮರ ಕೊರೆದು ಮಾಡಿದ ದೋಣಿ, ಎಲ್ಲಿ ನೋಡಿದರಲ್ಲಿ ತೆಂಗು. ನಮ್ಮ ಕರಾವಳಿಯವರಿಗೆ ಅಪರಿಚಿತವೆನಿಸದ ನೋಟ. ಆದರೆ ಓಣಿಯಲ್ಲಿ ಆಡುವ ಕಂದು ಮೈಬಣ್ಣದ ಮಕ್ಕಳ ನಡುವೆ ಅಲ್ಲೊಂದು ಇಲ್ಲೊಂದು ಹಾಲುಬಿಳುಪಿನ ಮಗು ಕಾಣುತ್ತದೆ. ಒಣಹುಲ್ಲಿನ ಬಣ್ಣದ ಕೂದಲು, ಬಿಸಿಲಿಗೆ ಮುಚ್ಚಿಕೊಳ್ಳುವ ಕಣ್ಣು. ತಂದೆ ತಾಯಿ ಮಾತ್ರ ಕಂದು ಬಣ್ಣದವರೇ!

ಗುನಾ ಜನ ಇವರನ್ನು ಚಂದ್ರನ ಮಕ್ಕಳೆನ್ನುತ್ತಾರೆ. ಗ್ರಹಣ ಹಿಡಿದಾಗ ಉಳಿದವರೆಲ್ಲ ಮನೆಯೊಳಗಿರಬೇಕು. ಚಂದ್ರನನ್ನು ನುಂಗುವ ಭೂತಕ್ಕೆ ಬಾಣ ಹೂಡಲು ಹೊರಬರುವ ಅಧಿಕಾರ ಇವರಿಗಷ್ಟೇ ಎಂಬುದು ಅಲ್ಲಿಯ ಹಳೆಯ ನಂಬಿಕೆ.

ಲಯನಲ್ ವೇಫರ್ ಎಂಬ ಹಡಗು ವೈದ್ಯ 1681ರಲ್ಲಿ ಗುನಾ ಜನರ ಪೂರ್ವಿಕರೆನ್ನಲಾದವರ ನಡುವೆ ಕೆಲ ತಿಂಗಳು ಕಳೆದ. 1699ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ಬಿಳಿಯ ಮಕ್ಕಳ ಪ್ರಸ್ತಾಪವಿದೆ. ಬಸಿರು ನಿಲ್ಲುವ ವೇಳೆ ತಾಯಿ ಚಂದ್ರನನ್ನು ನೋಡಿದ್ದೇ ಇದಕ್ಕೆ ಕಾರಣವೆಂದು ಅಲ್ಲಿಯ ನಾಯಕ ಅವನಿಗೆ ಹೇಳಿದನಂತೆ. ತಾಯಿಯ ತಲೆಗೆ ಕಟ್ಟುವ ಈ ಮಾತು ನಮಗೇನು ಹೊಸದೇ? ಗ್ರಹಣದ ದಿನ ಬಸುರಿ ಹೊರಗೆ ಕಾಲಿಟ್ಟಳೆಂಬ ದೂರು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ.

ನಿಜವಾದ ಕಾರಣ ಬೇರೆ. ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದರ ತಯಾರಿಕೆಗೆ ಬೇಕಾದ ವಂಶವಾಹಿಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಜೋಡಿಯಲ್ಲಿ ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು; ನೋಡಿದರೆ ಏನೂ ತಿಳಿಯದು. ತಂದೆ ತಾಯಿ ಇಬ್ಬರೂ ಒಂದೇ ವಂಶವಾಹಿಯ ವಾಹಕರಾಗಿದ್ದು, ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿಗೆ ಆಲ್ಬಿನಿಸಂ. ಇದರ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರಕ್ಕೆ ಭಯವಿಲ್ಲ ಎನ್ನುವಂತಿಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿಯೇ ಆರಂಭ.

ಜಗತ್ತಿನಲ್ಲಿ ಸುಮಾರು 17,000ದಿಂದ 20,000 ಮಂದಿಗೆ ಒಬ್ಬರಲ್ಲಿ ಆಲ್ಬಿನಿಸಂ ಕಂಡುಬಂದರೆ, ಗುನಾ ಜನರಲ್ಲಿ ಅಂದಾಜು 150ಕ್ಕೆ ಒಬ್ಬರಲ್ಲಿ. ಗಣಿತ ಮಾಡಿದರೆ ಅಲ್ಲಿ ಏಳು ಜನರಲ್ಲಿ ಒಬ್ಬರು ವಾಹಕರು! ಓಸಿಎ2 ಎಂಬ ವಂಶವಾಹಿಯ ಒಂದೇ ಮಾರ್ಪಾಡು ಇದಕ್ಕೆ ಮೂಲವೆಂದು 2009ರ ಅಧ್ಯಯನವೊಂದು ತೋರಿಸಿತು. ಜನಸಂಖ್ಯೆ ಕಿರಿದು, ಮದುವೆ ತಮ್ಮವರೊಳಗೇ. ಹಿರಿಯರಿಂದ ಬಂದ ಮಾರ್ಪಾಡು ಹೊರಗೆ ಹರಡದೆ ಒಳಗೇ ಸುತ್ತಿತು.

ನಡುಗಡ್ಡೆ ನೀರಿನಿಂದಲೇ ಆಗಬೇಕೆಂದಿಲ್ಲ. ರಕ್ತಸಂಬಂಧದ ಮದುವೆಯೂ ಅಂಥದೇ. ಸೋದರಮಾವ ಹೆತ್ತವರಿಂದ ಬಂದ ಮಾರ್ಪಾಡಿನ ವಾಹಕನಾಗಿದ್ದರೆ, ಅಕ್ಕನ ಮಗಳೂ ವಾಹಕಳಾಗಿರುವ ಸಂಭವ ನಾಲ್ಕರಲ್ಲಿ ಒಂದು. ಕರ್ನಾಟಕದಲ್ಲಿ ಇಂಥ ಸಂಬಂಧಗಳು ಇಂದಿಗೂ ಇವೆ. ಮನೆತನದಲ್ಲಿ ಆಲ್ಬಿನಿಸಂ ಇದ್ದರೆ ಮದುವೆಗೆ ಮುಂಚೆಯೇ ತಜ್ಞ ವೈದ್ಯರ ಸಲಹೆ ಪಡೆಯುವುದು ಲೇಸು.

ಆಲ್ಬಿನಿಸಂ ತೊನ್ನಲ್ಲ, ಅಂಟುವುದೂ ಇಲ್ಲ. ಬುದ್ಧಿಗೆ ಇದರಿಂದ ಕುಂದಿಲ್ಲ. ಇರುವ ತೊಂದರೆ ಎರಡು. ಗುನಾ ಯಾಲಾ ಇರುವುದು ಸುಮಾರು 9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ನಾಟಕಕ್ಕಿಂತ ಸಮಭಾಜಕ ವೃತ್ತಕ್ಕೆ ಹತ್ತಿರ. ಮೆಲನಿನ್ ಕಾವಲಿಲ್ಲದ ಚರ್ಮಕ್ಕೆ ಅಲ್ಲಿಯ ಬಿಸಿಲು ಕ್ಯಾನ್ಸರ್ ತರಬಲ್ಲದು. ಅಗಲ ಅಂಚಿನ ಟೊಪ್ಪಿಗೆ, ತುಂಬುತೋಳಿನ ಅಂಗಿ ಅಲ್ಲಿಯಂತೆ ಇಲ್ಲಿಯೂ ಅಗತ್ಯ. ಇನ್ನೊಂದು, ದೃಷ್ಟಿ. ಅಕ್ಷಿಪಟಲದ ನಡುಭಾಗ ಪೂರ್ಣ ಬೆಳೆಯದ ಕಾರಣ ಕನ್ನಡಕದಿಂದ ಪೂರ್ತಿ ಸರಿಹೋಗದು. ಅಂಥ ಮಗು ತರಗತಿಯಲ್ಲಿದ್ದರೆ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಮುಂದಿನ ಬೆಂಚಿನಲ್ಲಿ ಕೂರಿಸಬೇಕು, ದಪ್ಪಕ್ಷರದ ಪುಸ್ತಕ ಒದಗಿಸಬೇಕು. ಪಕ್ಕದ ಬೆಂಚಿನ ಗೆಳೆಯರು ಅಡ್ಡಹೆಸರು ಬಿಟ್ಟು, ಬೋರ್ಡಿನ ಮೇಲಿರುವುದನ್ನು ಓದಿ ಹೇಳಿದರೆ ಸಾಕು.