ನಾನೇ ಒತ್ತಿದ 620
ಪುಣೆಯ ನಮ್ಮ ಬ್ರಿಜ್ ಕ್ಲಬ್ಬಿನಲ್ಲಿ ಅಂದು ನಾವೇ ಮೊದಲು. ಚಹಾ ಹೀರುತ್ತ ಪಟ್ಟಿ ನೋಡಿದೆ, ಎದೆ ಧಸಕ್ಕೆಂದಿತು. ವಲ್ನರಬಲ್ ಆಗಿದ್ದಾಗ ನಾಲ್ಕು ಸ್ಪೇಡ್ ಆಡಿ ಒಂದು ಟ್ರಿಕ್ ಕಡಿಮೆ ಬಿದ್ದಿತ್ತು. ಎದುರಾಳಿಗಳಿಗೆ 100 ಹೋಗಬೇಕು. ನಾರ್ತ್ ಆಗಿದ್ದ ನಾನು ಯಂತ್ರದಲ್ಲಿ ಗೆದ್ದಂತೆ ಒತ್ತಿದ್ದೆ: ನಮಗೆ 620! ನೋಡಿ ಒಪ್ಪಬೇಕಿದ್ದ ಈಸ್ಟ್‌ನ ಹಿರಿಯರು ಅಂದು ಕನ್ನಡಕ ಮರೆತಿದ್ದರು. ‘ನೀವು ಬರೆದದ್ದಲ್ವಾ’ ಎಂದು ಓಕೆ ಒತ್ತಿದ್ದರು. ಅದೇ ಚುಚ್ಚಿತು.

‘ಯಾರ್ ನೋಡ್ಯಾರೋ? ಸುಮ್ಮನಿರು’ ಎಂದ ಧಾರವಾಡದ ಜೊತೆಗಾರ. ಫಲಿತಾಂಶ ಹಾಕಿದ 30 ನಿಮಿಷದೊಳಗೆ ಹೇಳಿದರಷ್ಟೇ ನಮ್ಮಲ್ಲಿ ತಿದ್ದುಪಡಿ. 20 ಆಗಲೇ ಕಳೆದಿತ್ತು. ಡೈರೆಕ್ಟರ್ ಬಳಿ ಹೋದೆ. ನಾಲ್ಕನೆಯ ಸ್ಥಾನಕ್ಕಿಳಿದೆವು. ಜೊತೆಗಾರ ವಾರವಿಡೀ ಫೋನ್ ಎತ್ತಲಿಲ್ಲ.

ಈಗ ಕಾಂಟ್ರ್ಯಾಕ್ಟ್, ಆಡಿದವರು, ಟ್ರಿಕ್ಕುಗಳು ಮೂರನ್ನೂ ಗಟ್ಟಿಯಾಗಿ ಓದುತ್ತೇನೆ. ಯಂತ್ರ ಈಸ್ಟ್ ಕಡೆ ತಿರುಗಿಸಿ, ಅವರು ಕನ್ನಡಕ ಹಾಕಿಕೊಳ್ಳುವ ತನಕ ಕಾಯುತ್ತೇನೆ.